ಕಾರ್ನ್‌ವಾಲ್‌ನ ಲೆಕ್ಕದ ಹಾಳೆ: ಎಂಜಿನ್‌ಗಳ ದಕ್ಷತೆ ಏರಿದ ಬಗೆ

[ತೆರೆಯ ಮೇಲೆ: 1712ರಿಂದ ಇಂದಿನವರೆಗಿನ ಏರುಗೆರೆ]

ನಮಸ್ಕಾರ. ಸುಟ್ಟ ಇಂಧನದ ಶಾಖದಲ್ಲಿ ಎಷ್ಟು ಪಾಲು ಕೆಲಸವಾಗಿ ಕೈಗೆ ಸಿಕ್ಕಿತು ಎಂಬುದನ್ನು ಈ ಗೆರೆ ತೋರಿಸುತ್ತದೆ. ದೂರದಿಂದ ಒಂದೇ ಸಮನೆ ಏರಿದಂತೆ ಕಂಡರೂ, ಹತ್ತಿರ ಹೋದರೆ ಇದು ಮೆಟ್ಟಿಲುಗಳ ಸಾಲು.

1712ರಲ್ಲಿ ಇಂಗ್ಲೆಂಡಿನ ಡಡ್ಲಿ ಬಳಿ ಗಣಿಯ ನೀರೆತ್ತಿದ ನ್ಯೂಕಮನ್‌ನ ಹಬೆ ಯಂತ್ರದ ದಕ್ಷತೆ ಶೇ 1ಕ್ಕಿಂತಲೂ ಕಡಿಮೆಯಿತ್ತು. ಒಳಗಿನ ಹಬೆ ನೀರಾಗಲೆಂದು ಕಾಯಿಸಿದ ಸಿಲಿಂಡರನ್ನೇ ಪ್ರತಿ ಹೊಡೆತಕ್ಕೂ ತಣ್ಣೀರು ಚಿಮ್ಮಿಸಿ ತಣಿಸಬೇಕಾಗಿದ್ದರಿಂದ ಹೆಚ್ಚಿನ ಕಲ್ಲಿದ್ದಲು ಲೋಹವನ್ನು ಮತ್ತೆ ಬಿಸಿ ಮಾಡುವುದಕ್ಕೇ ಮುಗಿಯುತ್ತಿತ್ತು. ಎಂಜಿನಿಯರ್ ಜಾನ್ ಸ್ಮೀಟನ್ ಈ ತತ್ವವನ್ನು ಮುಟ್ಟದೆ, ಅಳತೆ ಮತ್ತು ಅಚ್ಚುಕಟ್ಟಿನ ಬಲದಿಂದಲೇ ದಕ್ಷತೆಯನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದ. ಹಬೆಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯಕ್ಕೆ ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದ.

[ತೆರೆಯ ಮೇಲೆ: ಕಾರ್ನ್‌ವಾಲ್‌ನ ನಕ್ಷೆ]

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಆ ಪೇಟೆಂಟ್ ಅವಧಿ 1800ರಲ್ಲಿ ಮುಗಿದ ಮೇಲಿನ ಕಥೆ. ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ನುರಿತ ಗಣಿಗಾರರನ್ನು ಕಳುಹಿಸಿದ, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರಗಳಿದ್ದವೇ ಹೊರತು ಕಲ್ಲಿದ್ದಲಿರಲಿಲ್ಲ. ಅದು ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕಿತ್ತು. ಒಂದು ಬುಷೆಲ್, ಅಂದರೆ ಸುಮಾರು 42 ಕೆ.ಜಿ. ಕಲ್ಲಿದ್ದಲಿನಿಂದ ಯಾವ ಗಣಿಯ ಎಂಜಿನ್ ಎಷ್ಟು ಪೌಂಡ್ ನೀರನ್ನು ಒಂದು ಅಡಿ ಎತ್ತಿತು ಎಂಬ ಲೆಕ್ಕವನ್ನು ಅಲ್ಲಿನ ಗಣಿ ಮೇಲ್ವಿಚಾರಕ ಜೋಯೆಲ್ ಲೀನ್ 1811ರಿಂದ ತಿಂಗಳು ತಿಂಗಳೂ ಪ್ರಕಟಿಸತೊಡಗಿದ. ಪಕ್ಕದ ಗಣಿ ಏನು ಮಾಡಿ ಗೆದ್ದಿತೆಂಬುದು ಎಲ್ಲರಿಗೂ ತಿಳಿಯುವಂತಾಗಿ, ಅಲ್ಲಿನ ಎಂಜಿನಿಯರ್ ಟ್ರೆವಿಥಿಕ್‌ನ ಅಧಿಕ ಒತ್ತಡದ ಹಬೆ, ಸಿಲಿಂಡರಿಗೆ ಅದರ ಹರಿವನ್ನು ಬೇಗನೆ ತಡೆದು ಒಳಹೋದಷ್ಟನ್ನೇ ಹಿಗ್ಗಲು ಬಿಡುವ ಕ್ರಮ, ಸಿಲಿಂಡರಿಗೆ ಹೊದಿಕೆ ಇವೆಲ್ಲ ಬೇಗ ಹರಡಿದವು. 1840ರ ದಶಕದ ಹೊತ್ತಿಗೆ ಈ ಎಂಜಿನ್‌ಗಳ ಸರಾಸರಿ ಲೆಕ್ಕ 1811ರಲ್ಲಿದ್ದುದರ ಮೂರು ಪಟ್ಟನ್ನೂ ಮೀರಿತ್ತು. 1835ರಲ್ಲಿ ಫೋಯ್ ಕನ್ಸೋಲ್ಸ್ ಗಣಿಯ ಎಂಜಿನ್ ಪರೀಕ್ಷೆಯೊಂದರಲ್ಲಿ 12.5 ಕೋಟಿ ಪೌಂಡ್ ಮುಟ್ಟಿತು. ಇಂದಿನ ಲೆಕ್ಕದಲ್ಲಿ ಅದು ಸರಿಸುಮಾರು ಶೇ 12.

ಆಮೇಲೆ ಆ ಮೆಟ್ಟಿಲು ಸಪಾಟಾಯಿತು. ಬಿಸಿ ಮತ್ತು ತಂಪಿನ ನಡುವಿನ ಅಂತರವೇ ದಕ್ಷತೆಯ ಮಿತಿಯನ್ನು ಗೊತ್ತುಮಾಡುತ್ತದೆ ಎಂದು ಫ್ರೆಂಚ್ ಎಂಜಿನಿಯರ್ ಕಾರ್ನೋ 1824ರಲ್ಲೇ ತೋರಿಸಿದ್ದ. ಅಂದಿನ ಬಾಯ್ಲರ್‌ಗಳು ಅದಕ್ಕಿಂತ ಹೆಚ್ಚು ಒತ್ತಡವನ್ನೂ ಶಾಖವನ್ನೂ ತಾಳುವಂತಿರಲಿಲ್ಲ. ಉರಿಯನ್ನು ಸಿಲಿಂಡರಿನೊಳಕ್ಕೇ ತಂದ ರುಡಾಲ್ಫ್ ಡೀಸೆಲ್‌ನ ಯಂತ್ರ 1897ರ ಪರೀಕ್ಷೆಯಲ್ಲಿ ಶೇ 26 ದಾಟಿತು.

ಹೊಸತೆಲ್ಲ ಹೀಗೆ ಗೆದ್ದೇ ಕಾಲಿಡುವುದಿಲ್ಲ. 1939ರಲ್ಲಿ ಸ್ವಿಟ್ಜರ್ಲೆಂಡಿನ ನಶಾಟೆಲ್‌ನಲ್ಲಿ ವಿದ್ಯುತ್ತಿಗಾಗಿ ನಿಲ್ಲಿಸಿದ ಗ್ಯಾಸ್ ಟರ್ಬೈನ್‌ನ (ಉರಿದ ಬಿಸಿ ಅನಿಲದ ರಭಸಕ್ಕೆ ತಿರುಗುವ ಚಕ್ರದ ಯಂತ್ರ) ದಕ್ಷತೆ ಶೇ 17.4 ಮಾತ್ರ, ಡೀಸೆಲ್‌ನ ಮೊದಲ ಯಂತ್ರಕ್ಕಿಂತಲೂ ಕಡಿಮೆ. ಅಂಥ ಟರ್ಬೈನ್ ಹೊರಬಿಡುವ ಬಿಸಿ ಗಾಳಿಯಿಂದಲೇ ನೀರು ಕಾಯಿಸಿ ಎರಡನೆಯ ಟರ್ಬೈನನ್ನು ತಿರುಗಿಸುವ ಫ್ರಾನ್ಸ್‌ನ ಬುಶೆಂ ಸ್ಥಾವರ 2016ರಲ್ಲಿ ಶೇ 62.22 ತಲುಪಿತು, ಮತ್ತು ಆ ಎರಡನೆಯ ಟರ್ಬೈನನ್ನು ತಿರುಗಿಸುವುದು ಅದೇ ಹಳೆಯ ಹಬೆ.