ಹುಡುಕಿದವರ ಕಣ್ಣಿಗೆ ಬೀಳುವ ಅಂಗಡಿ

ಕೇಳುಗರಿಗೆ ನಮಸ್ಕಾರ.

ದಾವಣಗೆರೆ, ಹರಿಹರದ ಸುತ್ತಮುತ್ತ ಸಣ್ಣ ವರ್ಕ್‌ಶಾಪ್‌ಗಳಿಗೆ ಕೊರತೆ ಇಲ್ಲ. ಕುಂಟೆ, ಕೂರಿಗೆ, ಟ್ರ್ಯಾಕ್ಟರ್ ಟ್ರೈಲರ್, ಮೆಕ್ಕೆಜೋಳ ಬಿಡಿಸುವ ಯಂತ್ರ, ಹೀಗೆ ಏನೇನೋ ಮಾಡುತ್ತಾರೆ. ಕೆಲಸ ಗಟ್ಟಿ, ಬೆಲೆಯೂ ನ್ಯಾಯ. ಇವರಲ್ಲಿ ಎಷ್ಟೋ ಜನ ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿದ್ದಾರೆ. ವಿಸಿಟಿಂಗ್ ಕಾರ್ಡಿನ ಮೇಲೆ ಅದರ ವಿಳಾಸವೂ ಇದೆ. ಆದರೆ "ಅದರಿಂದ ಒಂದು ಫೋನೂ ಬರಲಿಲ್ಲ ಸಾರ್" ಎನ್ನುವವರೇ ಜಾಸ್ತಿ. ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಂತ್ರ ಬೇಕಾದ ರೈತರು ಇದ್ದಾರೆ, ಮಾಡುವವರೂ ಇದ್ದಾರೆ. ನಡುವೆ ಭೇಟಿಯೇ ಆಗುತ್ತಿಲ್ಲ. ಇದು ಯಾಕೆ, ಇದಕ್ಕೆ ನಾವೇ ಏನು ಮಾಡಬಹುದು ಎಂಬುದನ್ನು ಇವತ್ತು ಮಾತಾಡೋಣ.

ಮೊದಲು ನಿಮ್ಮ ವೆಬ್‌ಸೈಟ್ ಗೂಗಲ್‌ಗೆ ಗೊತ್ತಿದೆಯೇ ಎಂದು ನೋಡಿಕೊಳ್ಳಿ. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು, ಒಂದರ ಮೇಲೊಂದು ಎರಡು ಚುಕ್ಕೆ ಇಟ್ಟು, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಟೈಪ್ ಮಾಡಿ. ನಿಮ್ಮ ಪುಟಗಳು ಸಾಲಾಗಿ ಬಂದರೆ ಸರಿ. ಏನೂ ಬರದಿದ್ದರೆ ಗೂಗಲ್ ಇನ್ನೂ ನಿಮ್ಮ ಪುಟಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲದಿರಬಹುದು. ಆಗ ಸರ್ಚ್ ಕನ್ಸೋಲ್ ಎಂಬ ಸೌಲಭ್ಯದಲ್ಲಿ ವೆಬ್‌ಸೈಟನ್ನು ಸೇರಿಸಿ ನೋಡಬೇಕು. ಅದು ಗೂಗಲ್‌ನದೇ, ಪೂರ್ತಿ ಉಚಿತ. ಯಾವ ಪುಟ ಸೇರಿಲ್ಲ, ಯಾಕೆ ಸೇರಿಲ್ಲ ಎಂದು ಅದೇ ಹೇಳುತ್ತದೆ.

ಪುಟ ಸೇರಿದೆ, ಆದರೂ ಜನ ಬರುತ್ತಿಲ್ಲ ಎಂದರೆ ಅಲ್ಲಿ ಬರೆದಿರುವ ಮಾತನ್ನು ಓದಿ. ಬಹಳ ಕಡೆ ಮುಖಪುಟದಲ್ಲಿ ಇರುವುದು ಇಷ್ಟೇ: ಗುಣಮಟ್ಟವೇ ನಮ್ಮ ಗುರಿ, ಗ್ರಾಹಕರೇ ನಮ್ಮ ದೇವರು. ಒಳ್ಳೆಯ ಮಾತೇ. ಆದರೆ ಜಗಳೂರಿನ ರೈತರೊಬ್ಬರು ಫೋನ್ ಹಿಡಿದು ಇದನ್ನು ಹುಡುಕುವುದಿಲ್ಲ, ಅಲ್ವಾ? ಅವರು "ಮೆಕ್ಕೆಜೋಳ ಬಿಡಿಸುವ ಮಷೀನ್ ರೇಟ್" ಎಂದು ಕೇಳುತ್ತಾರೆ. ಚನ್ನಗಿರಿಯವರು "ಅಡಿಕೆ ಸುಲಿಯುವ ಯಂತ್ರ" ಎನ್ನುತ್ತಾರೆ. ಟೈಪ್ ಮಾಡಲು ಬೇಜಾರಾದವರು ಮೈಕ್ ಒತ್ತಿ ಬಾಯಲ್ಲೇ ಕೇಳುತ್ತಾರೆ. ಆ ಮಾತು ನಿಮ್ಮ ಪುಟದಲ್ಲಿ ಎಲ್ಲೂ ಇಲ್ಲದಿದ್ದರೆ ಗೂಗಲ್ ನಿಮ್ಮನ್ನು ಅವರಿಗೆ ಯಾಕೆ ತೋರಿಸಬೇಕು?

ಏನು ಬರೆಯಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮಲ್ಲಿಗೆ ಬರುವ ಗಿರಾಕಿ ದಿನಾ ಏನು ಕೇಳುತ್ತಾರೋ ಅದನ್ನೇ ಬರೆಯಿರಿ. ಗಂಟೆಗೆ ಎಷ್ಟು ಕ್ವಿಂಟಲ್ ಆಗುತ್ತದೆ? ತೆನೆಯನ್ನು ಸಿಪ್ಪೆ ಸಮೇತ ಹಾಕಬಹುದಾ? ಟ್ರ್ಯಾಕ್ಟರ್‌ಗೆ ಜೋಡಿಸಬೇಕೋ, ಮೋಟರ್ ಸಾಕೋ? ಕಾಳು ಒಡೆಯುತ್ತದಾ? ಬೆಲ್ಟ್ ಹೋದರೆ ಎಲ್ಲಿ ಸಿಗುತ್ತದೆ? ಒಂದೊಂದು ಯಂತ್ರಕ್ಕೂ ಒಂದೊಂದು ಪುಟ ಇರಲಿ. ಉತ್ತರ ನೇರವಾಗಿರಲಿ, ಬೆಲೆಯನ್ನೂ ಹಾಕಿ. ಪಕ್ಕದವರಿಗೆ ಬೆಲೆ ಗೊತ್ತಾಗುತ್ತದೆ ಎಂಬ ಹೆದರಿಕೆ ಬಹಳ ಜನಕ್ಕಿದೆ. ಪಕ್ಕದವರಿಗೆ ಅದು ಹೇಗೂ ಗೊತ್ತಿರುತ್ತದೆ. ಗೊತ್ತಾಗದೆ ಹಿಂದೆ ಹೋಗುವವರು ಗಿರಾಕಿಗಳು.

ಪ್ರತಿ ಪುಟಕ್ಕೂ ಒಂದು ಶೀರ್ಷಿಕೆ ಇರುತ್ತದೆ. ಗೂಗಲ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಸಾಲು ಸಾಮಾನ್ಯವಾಗಿ ಅದೇ. ಅಲ್ಲಿ ಸುಮ್ನೆ 'ಹೋಮ್' ಎಂದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಮೆಕ್ಕೆಜೋಳ ಬಿಡಿಸುವ ಯಂತ್ರ, ದಾವಣಗೆರೆ' ಎಂದು ಬರೆದು, ಮುಂದೆ ಅಂಗಡಿ ಹೆಸರು ಇರಲಿ. ಇನ್ನೊಂದು ಮಾತು. ಕಣ್ಣಿಗೆ ಕಾಣದ ಹಾಗೆ ಪುಟದೊಳಗೆ ಕೀವರ್ಡ್ ಟ್ಯಾಗ್ ಎಂಬ ಜಾಗದಲ್ಲಿ ನೂರಾರು ಕೀವರ್ಡ್, ಅಂದರೆ ಜನ ಹುಡುಕುವ ಪದ, ತುಂಬಿಸುತ್ತೇವೆ, ಅದಕ್ಕೆ ಬೇರೆ ಚಾರ್ಜ್ ಎನ್ನುವವರು ಈಗಲೂ ಇದ್ದಾರೆ. ಆ ಕೀವರ್ಡ್ ಟ್ಯಾಗನ್ನು ತಾನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಈಗ ಕನ್ನಡದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕಡೆ ಪಾಂಪ್ಲೆಟ್ ಮಾಡಿಸಿದ ಡಿಟಿಪಿ ಸೆಂಟರ್‌ನಿಂದಲೇ ಒಂದು ಫೋಟೊ ತಂದು ವೆಬ್‌ಸೈಟ್‌ಗೆ ಹಾಕಿಬಿಡುತ್ತಾರೆ. ಹೆಸರು, ಬೆಲೆ, ಫೋನ್ ನಂಬರ್ ಎಲ್ಲವೂ ಆ ಚಿತ್ರದೊಳಗೇ ಇರುತ್ತದೆ. ಅಂಗಡಿಯ ಬೋರ್ಡನ್ನು ಬೀದಿಗೆ ಹಾಕದೆ ಗೋಡೌನ್ ಒಳಗೆ ನೇತುಹಾಕಿದ ಹಾಗಾಯಿತು ಅದು. ಚಿತ್ರದೊಳಗಿನ ಬರಹವನ್ನು ನಂಬಿ ಕೂರಬಾರದು, ಅಕ್ಷರಗಳಾಗಿಯೇ ಟೈಪ್ ಮಾಡಿಸಬೇಕು. ಅದೂ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಪದ್ಧತಿಯಲ್ಲಿ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡದ ಹಾಗೆ ಕಂಡರೂ ಕಂಪ್ಯೂಟರ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಪರೀಕ್ಷೆ ಸುಲಭ. ನಿಮ್ಮ ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಒಳ್ಳೆಯದು. ಚಿತ್ರವಿಚಿತ್ರ ಅಕ್ಷರ ಬಂದರೆ ಅದು ಹಳೆಯ ಫಾಂಟ್. ಬೆರಳೊತ್ತಿದರೂ ಸಾಲು ಆಯ್ಕೆಯಾಗದಿದ್ದರೆ ಅದು ಬಹುಶಃ ಬರೀ ಚಿತ್ರ. ಇಷ್ಟನ್ನು ಸರಿಮಾಡಿದರೇ ಕನ್ನಡದಲ್ಲಿ ಹುಡುಕುವವರಿಗೆ ನೀವು ಸಿಗುವ ದಾರಿ ತೆರೆಯುತ್ತದೆ.

ಎಲ್ಲ ವ್ಯಾಪಾರಕ್ಕೂ ಒಂದೇ ಮದ್ದು ಅಲ್ಲ. ಬೆಣ್ಣೆದೋಸೆ ಹೋಟೆಲ್‌ಗೆ ದೊಡ್ಡ ವೆಬ್‌ಸೈಟ್‌ಗಿಂತ ಮ್ಯಾಪ್ ಮುಖ್ಯ. ಬಸ್ ಇಳಿದವರು ಹತ್ತಿರ ಎಲ್ಲಿದೆ ಎಂದು ನೋಡುತ್ತಾರೆ, ಅಷ್ಟೇ. ಅದಕ್ಕೆ, ಮ್ಯಾಪ್‌ನಲ್ಲಿ ಅಂಗಡಿಯ ವಿವರ ಕಾಣಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಇದೆ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರಲ್ಲ, ಅದೇ. ಇದಕ್ಕೂ ದುಡ್ಡಿಲ್ಲ. ಯಾರನ್ನು ಮೇಲೆ ತೋರಿಸಬೇಕು ಎನ್ನುವಾಗ ಅಲ್ಲಿ ಮೂರು ಸಂಗತಿ ನೋಡುತ್ತಾರೆ: ಹುಡುಕಿದ್ದಕ್ಕೂ ನಿಮಗೂ ಎಷ್ಟು ಸಂಬಂಧ, ಎಷ್ಟು ದೂರ, ನೀವು ಎಷ್ಟು ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದ ಎರಡಕ್ಕೆ ನೀವು ಕೈ ಹಾಕಬಹುದು. ಬಾಗಿಲು ತೆರೆಯುವ ಹೊತ್ತು, ವಾರದ ರಜೆ, ಇವತ್ತಿನ ಫೋಟೊ ಸರಿಯಾಗಿರಲಿ. ಖುಷಿಯಾಗಿ ತಿಂದು ಹೊರಟವರನ್ನು ರಿವ್ಯೂ ಬರೆಯಿರಿ ಎಂದು ಕೇಳಿ. ಆದರೆ ರಿವ್ಯೂಗೆ ಪ್ರತಿಯಾಗಿ ಡಿಸ್ಕೌಂಟ್ ಕೊಡುವುದು ನಿಯಮಕ್ಕೆ ವಿರುದ್ಧ. ಬೈದು ಬರೆದವರಿಗೂ ಮರ್ಯಾದೆಯಿಂದ ಉತ್ತರ ಕೊಡಿ, ಅದನ್ನು ನೂರು ಜನ ಓದುತ್ತಾರೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಕಥೆ ಬೇರೆ. ಭೌಗೋಳಿಕ ಸೂಚಕ, ಅಂದರೆ ಇದು ಇಂಥ ಊರಿನದೇ ಎಂಬ ಜಿಐ ಮಾನ್ಯತೆ ಪಡೆದ ಸೀರೆ ಅದು. ಕೊಳ್ಳುವವರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುತ್ತಾರೆ, ಕೈಯಲ್ಲಿ ಮುಟ್ಟಿ ನೋಡುವಂತಿಲ್ಲ. ಅವರಿಗೆ ಬೇಕಾದದ್ದು ನಂಬಿಕೆ. ಅಂಚನ್ನು ಹೇಗೆ ನೇಯುತ್ತಾರೆ, ಒಂದು ಸೀರೆಗೆ ಎಷ್ಟು ದಿನ ಹಿಡಿಯುತ್ತದೆ, ಜರಿ ಎಂಥದ್ದು, ಒಗೆಯುವುದು ಹೇಗೆ, ಇಷ್ಟವಾಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಬಿಡಿಸಿ ಬರೆದ ಪುಟವೇ ಅಲ್ಲಿ ಮಾರಾಟ ಮಾಡುತ್ತದೆ. ಮಗ್ಗದ ಮುಂದೆ ಕೂತವರಿಗಿಂತ ಚೆನ್ನಾಗಿ ಅದನ್ನು ಯಾರು ಹೇಳಬಲ್ಲರು?

ಫೋಟೊ ಹಾಕುವಾಗ ಒಂದು ಎಚ್ಚರ. ಫೋನಿನಲ್ಲಿ ತೆಗೆದದ್ದನ್ನು ಹಾಗೇ ಏರಿಸಿದರೆ ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಅದು ತೆರೆಯುವಷ್ಟರಲ್ಲಿ ನೋಡುವವರು ಮುಂದಕ್ಕೆ ಹೋಗಿರುತ್ತಾರೆ. ಕುಗ್ಗಿಸಿ ಹಾಕಿ. ಗೂಗಲ್ ಕೂಡ ಈಗ ನಿಮ್ಮ ವೆಬ್‌ಸೈಟ್ ಮೊಬೈಲ್‌ನಲ್ಲಿ ಹೇಗಿದೆಯೋ ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

"ಒಂದು ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ, ಗ್ಯಾರಂಟಿ" ಎಂಬ ಫೋನ್ ನಿಮಗೂ ಬಂದಿರಬಹುದು. ದಯವಿಟ್ಟು ಒಪ್ಪಬೇಡಿ. ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡಲಾರರು ಎಂದು ಗೂಗಲೇ ಬರೆದಿಟ್ಟಿದೆ. ದುಡ್ಡಿಗೆ ಸಿಗುವುದು ಜಾಹೀರಾತಿನ ಜಾಗ ಮಾತ್ರ. ಎಷ್ಟು ಜಾಹೀರಾತು ಕೊಟ್ಟರೂ ಮಾಮೂಲಿ ಹುಡುಕಾಟದ ಸಾಲಿನಲ್ಲಿ ನೀವು ಮೇಲೇರುವುದಿಲ್ಲ. ಜಾಹೀರಾತು ಕೊಡುವುದೇ ಆದರೆ ದಾವಣಗೆರೆ, ಚಿತ್ರದುರ್ಗ, ಹಾವೇರಿ ಎಂದು ಜಿಲ್ಲೆ ಆರಿಸಿ, ದಿನಕ್ಕೆ ಇಷ್ಟೇ ಖರ್ಚು ಎಂದು ಮಿತಿ ಹಾಕಿ, ಸೀಸನ್‌ನಲ್ಲಿ ಮಾತ್ರ ಕೊಡಿ. ಹಾಗೆಯೇ ವೆಬ್‌ಸೈಟ್ ವಿಳಾಸ, ಬಿಸಿನೆಸ್ ಪ್ರೊಫೈಲ್ ಎರಡೂ ನಿಮ್ಮ ಸ್ವಂತ ಇಮೇಲ್‌ನಲ್ಲಿ ಇರಬೇಕು. ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ನಾಳೆ ಅವರು ಫೋನ್ ಎತ್ತದಿದ್ದಾಗ ನಿಮ್ಮ ಅಂಗಡಿಯ ಕೀಲಿ ಅವರ ಹತ್ತಿರವೇ ಉಳಿಯುತ್ತದೆ.

ಕಡೆಯದಾಗಿ, ಹೊತ್ತಿನ ಲೆಕ್ಕ. ಇವತ್ತು ಬದಲಾಯಿಸಿದ್ದು ಗೂಗಲ್‌ನಲ್ಲಿ ಕಾಣಲು ಕೆಲವು ಗಂಟೆಯೂ ಆಗಬಹುದು, ಕೆಲವು ತಿಂಗಳೂ ಹಿಡಿಯಬಹುದು. ಮುಂಗಾರಿನ ಮೆಕ್ಕೆಜೋಳ ಕಟಾವಿಗೆ ಬಂದ ಮೇಲೆ ಯಂತ್ರದ ಪುಟ ಬರೆಯಲು ಕೂತರೆ ಆ ವರ್ಷದ ಗಿರಾಕಿ ಹೋದ ಹಾಗೆ. ಬಿತ್ತನೆ ನಡೆಯುವಾಗಲೇ ಬರೆದು ಹಾಕಿ. ಆಮೇಲೆ ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್ ತೆರೆದು, ಜನ ಏನೇನು ಹುಡುಕಿದಾಗ ನಿಮ್ಮ ಪುಟ ಕಂಡಿತು ಎಂಬ ಪಟ್ಟಿ ನೋಡಿ. ನೀವು ಉತ್ತರ ಬರೆಯದ ಪ್ರಶ್ನೆ ಅಲ್ಲಿ ಕಂಡರೆ, ಅವತ್ತೇ ನಾಲ್ಕು ಸಾಲು ಸೇರಿಸಿ.

ನಮಸ್ಕಾರ.