ಮಾರ್ಸೇಯಿಂದ ಲಾ ಸ್ಪೆತ್ಸಿಯಾಗೆ: ದೊಡ್ಡ ಮಕ್ಕಳ ಜೊತೆ ಕಡಲ ದಾರಿ

ಈಗ ಪರದೆ ಮೇಲೆ ಕಾಣುತ್ತಿರುವುದು ಮಾರ್ಸೇ ಊರಿನ ಹಳೆಯ ಬಂದರು. ದಕ್ಷಿಣ ಫ್ರಾನ್ಸ್, ಮೆಡಿಟರೇನಿಯನ್ ಸಮುದ್ರದ ದಂಡೆ. ಸುಮಾರು 2,600 ವರ್ಷದ ಹಿಂದೆ ಗ್ರೀಕ್ ನಾವಿಕರು ಬಂದು ಕಟ್ಟಿದ ಊರು ಇದು. ಇಲ್ಲಿಂದ ಪೂರ್ವಕ್ಕೆ ಹೊರಟು, ಇಟಲಿಯ ಲಾ ಸ್ಪೆತ್ಸಿಯಾವರೆಗೆ ನಾವು ಕಾರಿನಲ್ಲಿ ಹೋದ ದಾರಿಯೇ ಇವತ್ತಿನ ವಿಡಿಯೋ. ನಮ್ಮ ಮನೆಯವರು, ನಾನು, ಮಗಳು, ಮಗ. ನಾಲ್ವರೂ ದೊಡ್ಡವರೇ.

ಮಗಳು ಲಿಯೋನ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲೇ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಾಳೆ. ಕಾರು ಅವಳದೇ. ಮಗ ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರ್. ಇಬ್ಬರ ಜೊತೆಗೂ ದಿನಾ ಫೋನಿನಲ್ಲಿ ಮಾತಾಡುತ್ತೇವೆ. ಆದರೆ ಊಟ ಆಯ್ತಾ, ಹುಷಾರಾಗಿದ್ದೀಯಾ ಅನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ಈಗ ಅವರಿಗೆ ಏನು ಇಷ್ಟ, ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ, ಯಾವುದಕ್ಕೆ ಸಿಟ್ಟಾಗುತ್ತಾರೆ? ಇದೆಲ್ಲ ಫೋನಿನಲ್ಲಿ ಗೊತ್ತಾಗುವುದಿಲ್ಲ. ಒಂದೇ ಕಾರಿನಲ್ಲಿ ಗಂಟೆಗಟ್ಟಲೆ ಕೂತರೆ ಗೊತ್ತಾಗುತ್ತದೆ.

ಹೊರಡುವ ಮೊದಲು ಮಗಳು ಒಂದು ನಿಯಮ ಮಾಡಿದಳು. ದಾರಿಯಲ್ಲಿ ಒಬ್ಬೊಬ್ಬರೂ ಒಂದೊಂದು ಜಾಗ ಆರಿಸಬೇಕು. ಯಾಕೆ ಆರಿಸಿದೆ ಅಂತ ಅಲ್ಲೇ ನಿಂತು ಹೇಳಬೇಕು. ಉಳಿದವರು ಗೊಣಗಬಾರದು.

ಅವಳ ಆಯ್ಕೆ ಮೊದಲನೆಯದು. ಬೀಚ್ ಇರಬಹುದು ಅಂದುಕೊಂಡಿದ್ದೆ. ಅವಳು ಕರೆದುಕೊಂಡು ಹೋಗಿದ್ದು ಗುಹೆ ನೋಡಲು. ಅದೂ ನಿಜವಾದ ಗುಹೆಯಲ್ಲ, ಅದರ ನಕಲು.

ಇದರ ಕಥೆ ಕೇಳಿ. ಮಾರ್ಸೇ ಪಕ್ಕದಲ್ಲಿ ಸುಣ್ಣಕಲ್ಲಿನ ಬೆಟ್ಟಗಳು ನೇರ ಕಡಲಿಗೆ ಇಳಿಯುತ್ತವೆ. ನಡುವೆ ಕಿರಿದಾದ ಕೊಲ್ಲಿಗಳಿವೆ. ಅವಕ್ಕೆ ಕಲಾಂಕ್ ಅನ್ನುತ್ತಾರೆ. 1985ರಲ್ಲಿ ಆಂರಿ ಕೊಸ್ಕೇರ್ ಎಂಬ ಮುಳುಗುಗಾರ ಇಲ್ಲಿ ನೀರಿನಡಿ 37 ಮೀಟರ್ ಆಳದಲ್ಲಿ ಒಂದು ಬಾಯಿ ಕಂಡರು. ಅಲ್ಲಿಂದ ಸುರಂಗ ಮೇಲಕ್ಕೆ ಏರುತ್ತದೆ. ಕೊನೆಯಲ್ಲಿ ಒಂದು ಗುಹೆ, ಅದರ ಒಂದು ಭಾಗದಲ್ಲಿ ನೀರಿಲ್ಲ. ಗೋಡೆಯ ಮೇಲೆ ಕುದುರೆ, ಕಾಡೆಮ್ಮೆ, ಸೀಲ್, ಪೆಂಗ್ವಿನ್ ತರಹದ ಹಕ್ಕಿ, ಮತ್ತೆ ಮನುಷ್ಯರ ಅಂಗೈ ಗುರುತುಗಳು. ಕೆಲವು 27,000 ವರ್ಷಕ್ಕಿಂತ ಹಳೆಯವು. ಆಗ ಹಿಮಯುಗ. ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ದಂಡೆ ಕಿಲೋಮೀಟರ್‌ಗಟ್ಟಲೆ ಆಚೆ. ಆ ಜನ ಬಾಗಿಲಿನಿಂದ ನಡೆದುಕೊಂಡೇ ಒಳಗೆ ಬಂದಿದ್ದರು. ಆಮೇಲೆ ಹಿಮ ಕರಗಿ ಸಮುದ್ರ ಏರಿತು, ಬಾಗಿಲು ಮುಳುಗಿತು.

ಅಸಲಿ ಗುಹೆಗೆ ಜನರನ್ನು ಬಿಡುವುದಿಲ್ಲ. ಅದಕ್ಕೇ 2022ರಲ್ಲಿ ಊರಿನೊಳಗೇ ಅದರ ನಕಲು ಮಾಡಿ ತೆರೆದರು. ಆರು ಜನ ಕೂರುವ ಪುಟ್ಟ ಗಾಡಿ, ಕತ್ತಲಲ್ಲಿ ನಿಧಾನಕ್ಕೆ ಹೋಗುತ್ತದೆ. ಅಂಗೈಗಳ ಗೋಡೆ ಬಂದಾಗ ಮಗಳು ನನ್ನ ಕೈ ಹಿಡಿದುಕೊಂಡಳು. ಕೆಲವು ಅಂಗೈಗಳಲ್ಲಿ ಬೆರಳು ಪೂರ್ತಿ ಇಲ್ಲ. ಮಡಚಿದ್ದರೋ, ಕಳೆದುಕೊಂಡಿದ್ದರೋ, ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಹೊರಗೆ ಬಂದ ಮೇಲೆ ಅವಳು ಹೇಳಿದಳು, "ಅಮ್ಮಾ, ಇಲ್ಲಿಗೆ ಬಂದ ಮೊದಲ ಚಳಿಗಾಲ ತುಂಬಾ ಒಂಟಿ ಅನ್ನಿಸ್ತಿತ್ತು. ಆಗ ಇದನ್ನ ನೋಡಿದೆ. ಎಷ್ಟು ಹಿಂದೆಯೂ ಜನ ಇಲ್ಲಿದ್ದರು ಅನ್ನೋದೇ ಒಂಥರಾ ಧೈರ್ಯ ಕೊಡ್ತು." ಆ ಚಳಿಗಾಲ ಫೋನಿನಲ್ಲಿ ಅವಳು ನನಗೆ ಹೇಳುತ್ತಿದ್ದದ್ದು "ಆರಾಮಿದ್ದೀನಿ" ಅಂತ ಮಾತ್ರ. ಅಸಲಿ ಗುಹೆಯೊಳಗೆ ನೀರು ಈಗಲೂ ಏರುತ್ತಿದೆ, ಕೆಳಗಿನ ಚಿತ್ರಗಳು ಹೋಗುತ್ತಿವೆ. ಅದನ್ನು ಹೇಳುವಾಗ ಅವಳ ದನಿಯಲ್ಲಿ ನಿಜವಾದ ಸಂಕಟ ಇತ್ತು.

ಮಾರ್ಸೇ ಬಿಟ್ಟು ಕಸ್ಸಿ ಎಂಬ ಪುಟ್ಟ ಊರಿಗೆ ಬಂದೆವು. ಅಲ್ಲಿಂದ ಲಾ ಸಿಯೋತಾಗೆ ಬೆಟ್ಟದ ನೆತ್ತಿಯ ಮೇಲೊಂದು ರಸ್ತೆ ಇದೆ. ಈ ಡ್ಯಾಶ್‌ಕ್ಯಾಮ್ ದೃಶ್ಯ ಅಲ್ಲಿಯದೇ. ಕೆಂಪು ಬಂಡೆ ಕ್ಯಾಪ್ ಕನಾಯ್. ಕಡಲಿನಿಂದ ನೇರ ಮೇಲೆ ಎದ್ದ ಈ ಬಂಡೆ ಸುಮಾರು 390 ಮೀಟರ್ ಎತ್ತರ. ಹಿಂದೆ ತಿರುಗಿ ನೋಡಿದರೆ ಕಲಾಂಕ್ ಬೆಟ್ಟಗಳು ಬೆಳ್ಳಗೆ, ಇತ್ತ ಇದು ಕೆಂಪು. ಗಾಳಿ ಜೋರಿದ್ದರೆ ಈ ರಸ್ತೆ ಮುಚ್ಚುತ್ತಾರೆ. ಹೋಗುವ ದಿನ ಬೆಳಗ್ಗೆ ವಿಚಾರಿಸಿಕೊಂಡು ಹೊರಡಿ.

ಇನ್ನೊಂದು ಮಾತು. ಈ ದಂಡೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೇ ಹೋಗಿ. ಇಲ್ಲಿ ಗಾಡಿ ರಸ್ತೆಯ ಬಲಗಡೆ ಓಡುತ್ತದೆ. ಪೂರ್ವಕ್ಕೆ ಹೊರಟರೆ ಕಡಲೂ ಬಲಗಡೆ. ನೋಡಬೇಕು ಅನ್ನಿಸಿದ ಕಡೆ ಎದುರು ಗಾಡಿಗಳನ್ನು ದಾಟದೆ ಸೀದಾ ಪಕ್ಕಕ್ಕೆ ನಿಲ್ಲಿಸಬಹುದು.

ಸಾನ್ ರಫಾಯೆಲ್ ದಾಟಿದ ಮೇಲೆ ಎಸ್ತೆರೆಲ್ ಬೆಟ್ಟ. ಇದರ ಬುಡದ ಕಡಲ ರಸ್ತೆಯನ್ನು 1903ರಲ್ಲಿ ತೆರೆದರು. ಪ್ರವಾಸಿಗಳ ಕ್ಲಬ್ಬೊಂದು ಮುಂದೆ ನಿಂತು ಮಾಡಿಸಿದ ರಸ್ತೆ ಅದು. ಪ್ರತಿ ತಿರುವಿಗೂ ಕೆಂಪು ಕಲ್ಲು, ನೀಲಿ ನೀರು. ಇಲ್ಲಿ ನಾನು ಮಾತಾಡುವುದಿಲ್ಲ, ಒಂದು ನಿಮಿಷ ಸುಮ್ನೆ ನೋಡಿ.

ನೀಸ್ ಊರಿನಲ್ಲಿ ಜಾಸ್ತಿ ಹೊತ್ತು ಇರಲಿಲ್ಲ. ಬೀಚಿನಲ್ಲಿ ಮರಳಿಲ್ಲ, ಎಲ್ಲ ಉರುಟು ಕಲ್ಲು. ನಮ್ಮಂಥ ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ, ಅದರ ಹೆಸರು ಸೊಕ್ಕಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹೊಯ್ದು ಕಟ್ಟಿಗೆ ಒಲೆಯಲ್ಲಿ ಬೇಯಿಸುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ಕಾಳುಮೆಣಸಿನ ಪುಡಿ. ಬಿಸಿ ಇರುವಾಗಲೇ ತಿನ್ನಬೇಕು. ಗಡಿ ದಾಟಿ ಇಟಲಿಗೆ ಹೋದರೂ ಇದೇ ಸಿಗುತ್ತದೆ, ಅಲ್ಲಿ ಫರಿನಾತಾ ಅನ್ನುತ್ತಾರೆ. ಆದರೆ ಇಲ್ಲಿನ ಪಾನ್ ಬನ್ಯಾ ಎಂಬ ಬನ್ನಿನಲ್ಲಿ ಮೀನಿರುತ್ತದೆ, ಕೇಳಿ ತೆಗೆದುಕೊಳ್ಳಿ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಅವರು ಆರಿಸಿದ್ದು ಲಾ ತುರ್ಬಿ. ನೀಸ್‌ನಿಂದ ಬೆಟ್ಟ ಹತ್ತಿದರೆ ಸಿಗುತ್ತದೆ, ಕೆಳಗೆ ಮೊನಾಕೊ ಕಾಣುತ್ತದೆ. ಆಲ್ಪ್ಸ್ ಬೆಟ್ಟದ ಬುಡಕಟ್ಟುಗಳನ್ನು ಸೋಲಿಸಿದ ನೆನಪಿಗೆ ರೋಮನ್ನರು ತಮ್ಮ ಚಕ್ರವರ್ತಿ ಅಗಸ್ಟಸ್‌ನ ಹೆಸರಿನಲ್ಲಿ ಇಲ್ಲೊಂದು ಸ್ಮಾರಕ ಕಟ್ಟಿದರು, ಕ್ರಿಸ್ತಪೂರ್ವ 6ರ ಸುಮಾರಿಗೆ. 1705ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಇದನ್ನು ಸಿಡಿಮದ್ದಿಟ್ಟು ಒಡೆಸಿದ. ಊರಿನವರು ಆ ಕಲ್ಲು ಒಯ್ದು ಮನೆ ಕಟ್ಟಿಕೊಂಡರು. ಈಗ ಉಳಿದಷ್ಟನ್ನು ಮತ್ತೆ ಜೋಡಿಸಿದ್ದಾರೆ. ಬುಡದಲ್ಲಿ ಸೋತವರ ಹೆಸರುಗಳ ಶಾಸನ. ಒಡೆದ ಚೂರುಗಳನ್ನು ಇಟ್ಟುಕೊಂಡು ಪೂರ್ತಿ ಶಾಸನವನ್ನು ಮತ್ತೆ ಹೇಗೆ ಬರೆದರು ಗೊತ್ತಾ? ಪ್ಲಿನಿ ಎಂಬ ರೋಮನ್ ಲೇಖಕ ಅದನ್ನು ರೋಮನ್ನರ ಕಾಲದಲ್ಲೇ ತನ್ನ ಪುಸ್ತಕದಲ್ಲಿ ನಕಲು ಮಾಡಿ ಇಟ್ಟಿದ್ದ. ಇವರು ಅದನ್ನು ವಿವರಿಸುವಾಗ ಮಕ್ಕಳಿಬ್ಬರೂ ಮೊಬೈಲ್ ಜೇಬಿನಲ್ಲಿಟ್ಟು ಕೇಳಿದರು. ಈ ಶಾಟ್ ನನಗೆ ತುಂಬಾ ಇಷ್ಟ.

ನಿಂಬೆಹಣ್ಣಿನ ಊರು ಮಾಂತೋನ್ ದಾಟಿದರೆ ಇಟಲಿ. ಇಲ್ಲಿಂದ ಸ್ಟೀರಿಂಗ್ ಮಗನ ಕೈಗೆ. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಒಂದು ವರ್ಷ ನಡೆಯುತ್ತದೆ, ಜೊತೆಗೆ ಊರಿನ ಲೈಸೆನ್ಸೂ ಇರಬೇಕು. ಕಾರಿನ ವಿಮೆಯಲ್ಲಿ ಎರಡನೇ ಡ್ರೈವರ್ ಅಂತ ಹೆಸರು ಸೇರಿಸುವುದನ್ನು ಮರೆಯಬೇಡಿ.

ನಾನು ಆರಿಸಿದ್ದು ಸ್ಥಳ ಅಲ್ಲ, ರಸ್ತೆ. ವೆಂತಿಮಿಲಿಯಾದಿಂದ ಮುಂದೆ ಎರಡು ದಾರಿ. ಒಂದು ಟೋಲ್ ಹೆದ್ದಾರಿ ಎ10, ಬೆಟ್ಟದ ಮೇಲೆ ಸುರಂಗ, ಸೇತುವೆ, ಮತ್ತೆ ಸುರಂಗ. ಇನ್ನೊಂದು ಕೆಳಗಿನ ಆವುರೆಲಿಯಾ, ರೋಮನ್ನರ ಕಾಲದ ಹೆಸರಿನ ರಸ್ತೆ, ಊರೂರ ನಡುವೆ ಕಡಲಿಗೆ ಅಂಟಿಕೊಂಡು ಹೋಗುತ್ತದೆ. ನಾನು ಕುಮಟಾ ಕಡೆಯವಳು. ಕಡಲ ದಂಡೆಯ ಜನ ಹೇಗೆ ಬದುಕುತ್ತಾರೆ ಅಂತ ಹತ್ತಿರದಿಂದ ನೋಡಬೇಕು ನನಗೆ. ಇಲ್ಲಿ ಮನೆ ಮೆಟ್ಟಿಲಿಗೇ ದೋಣಿ ಕಟ್ಟಿರುತ್ತಾರೆ, ನೀರು ಹಿಂದೆ ಸರಿಯುವುದೇ ಇಲ್ಲ. ಮೆಡಿಟರೇನಿಯನ್‌ನಲ್ಲಿ ಹೆಚ್ಚಿನ ಕಡೆ ಉಬ್ಬರ ಇಳಿತ ಅರ್ಧ ಮೀಟರೂ ಇಲ್ಲ. ಹೊರಗಿನ ಮಹಾಸಾಗರಕ್ಕೆ ಇರುವ ಸಹಜ ಬಾಗಿಲು ಜಿಬ್ರಾಲ್ಟರ್ ಜಲಸಂಧಿ ಒಂದೇ, ಕಿರಿದಾದ ಜಾಗದಲ್ಲಿ ಅದು ಸುಮಾರು 14 ಕಿಲೋಮೀಟರ್ ಅಗಲ. ಅಟ್ಲಾಂಟಿಕ್‌ನ ಉಬ್ಬರ ಒಳಗೆ ಬರಲು ದಾರಿಯೇ ಸಾಲದು. ಸಾನ್‌ರೆಮೊ ಕಡೆ ಗುಡ್ಡದ ತುಂಬ ಗಾಜಿನ ಮನೆಗಳು, ಒಳಗೆ ಹೂವಿನ ಬೆಳೆ. ಇಂಪೇರಿಯಾವರೆಗೆ ಈ ರಸ್ತೆ. ಆಮೇಲೆ ಮಗನಿಗೋಸ್ಕರ ಎ10 ಹತ್ತಿದೆವು. ಟೋಲ್‌ನಲ್ಲಿ ಟಿಕೆಟ್ ತೆಗೆದುಕೊಂಡು, ಇಳಿಯುವಾಗ ದುಡ್ಡು ಕೊಡಬೇಕು. ಹಳದಿ ಬೋರ್ಡಿನ ಟೆಲಿಪಾಸ್ ಲೇನ್ (ನಮ್ಮ ಫಾಸ್ಟ್ಯಾಗ್ ತರಹದ್ದು) ನಮ್ಮಂಥವರಿಗೆ ಅಲ್ಲ.

ಮಗನ ಆಯ್ಕೆ ಜಿನೋವಾ. "ನೋಡೋಕೆ ಏನಿಲ್ಲಮ್ಮಾ, ಒಂದು ಸೇತುವೆ ಅಷ್ಟೆ" ಅಂದಿದ್ದ. ಈಗ ಕಾಣುತ್ತಿರುವ ಬಿಳಿ ಸೇತುವೆ ಅದೇ, ಪೊಲ್ಚೆವೆರಾ ಕಣಿವೆಯ ಮೇಲೆ. ಇದಕ್ಕೂ ಮೊದಲು ಅಲ್ಲಿ ಇನ್ನೊಂದು ಇತ್ತು. ರಿಕಾರ್ಡೊ ಮೊರಾಂಡಿ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ್ದು, 1967ರಲ್ಲಿ ತೆರೆದದ್ದು. ಕಾಲೇಜಿನಲ್ಲಿ ಮಗ ಅದರ ಬಗ್ಗೆ ಓದಿದ್ದನಂತೆ. ಎತ್ತರದ ಗೋಪುರಗಳಿಂದ ಓರೆಯಾಗಿ ಇಳಿಯುವ ಉಕ್ಕಿನ ಕೇಬಲ್‌ಗಳು ರಸ್ತೆಯನ್ನು ಎತ್ತಿ ಹಿಡಿಯುತ್ತಿದ್ದವು. ಆ ಉಕ್ಕಿಗೆ ಕಾಂಕ್ರೀಟ್ ಹೊದಿಸಿದ್ದರು, ಕಡಲ ಗಾಳಿ ತಾಗದಿರಲಿ ಅಂತ. ಆದರೆ ಒಳಗೆ ತುಕ್ಕು ಹಿಡಿದರೆ ಹೊರಗೆ ಕಾಣುವುದಿಲ್ಲ. ಅಂಥ ಕೇಬಲ್‌ಗಳೂ ಕೆಲವೇ. ಒಂದು ಹೋದರೆ ಭಾರ ಹೊರಲು ಇನ್ನೊಂದಿಲ್ಲ.

2018ರ ಆಗಸ್ಟ್ 14. ಮಳೆ ಸುರಿಯುತ್ತಿತ್ತು. ಮಾರನೆಯ ದಿನ ಇಟಲಿಯಲ್ಲಿ ದೊಡ್ಡ ಬೇಸಿಗೆ ಹಬ್ಬ, ಎಷ್ಟೋ ಕುಟುಂಬಗಳು ರಜೆಗೆ ಹೊರಟಿದ್ದವು. ಬೆಳಗ್ಗೆ ಹನ್ನೊಂದೂವರೆ ದಾಟಿದಾಗ ಸುಮಾರು 200 ಮೀಟರ್ ಸೇತುವೆ ಕೆಳಗೆ ಬಿತ್ತು. 43 ಜನ ಸತ್ತರು. ಅವರಲ್ಲಿ ಕೆಲವರು ನಮ್ಮ ಹಾಗೆಯೇ ಡಿಕ್ಕಿ ತುಂಬ ಬ್ಯಾಗು ಇಟ್ಟುಕೊಂಡು ಹೊರಟವರು.

ಹೊಸ ಸೇತುವೆಯ ವಿನ್ಯಾಸ ಜಿನೋವಾದವರೇ ಆದ ರೆಂಜೊ ಪಿಯಾನೊ ಅವರದ್ದು. ಉದ್ದ 1,067 ಮೀಟರ್. 2020ರ ಆಗಸ್ಟ್ 3ರಂದು ಉದ್ಘಾಟನೆ ಆಯಿತು. ಅದರ ಕೆಳಗೆ, ಹಳೆಯದು ಬಿದ್ದ ಜಾಗದಲ್ಲಿ, 43 ಮರಗಳನ್ನು ಸುತ್ತಲೂ ನೆಟ್ಟಿದ್ದಾರೆ. ಮಗ ಅಲ್ಲಿ ನಿಂತು ಮೇಲೆ ನೋಡುತ್ತಾ ಹೇಳಿದ, "ಹೊಸದು ಕಟ್ಟೋಕೆ ಎಲ್ಲರೂ ಬರ್ತಾರಮ್ಮಾ. ಹಳೇದನ್ನ ಹತ್ತಿ ನೋಡೋಕೆ ಯಾರೂ ಬರಲ್ಲ." ಆಮೇಲೆ ಇನ್ನೊಂದು ಮಾತು ಬಂತು. ಹೊಸ ಫ್ಲೈಓವರ್ ವಿನ್ಯಾಸದ ಕೆಲಸ ಬಿಟ್ಟು, ಹಳೆಯ ಸೇತುವೆಗಳ ತಪಾಸಣೆ ಮಾಡುವ ಕೆಲಸಕ್ಕೆ ಸೇರಬೇಕು ಅಂತ ಅವನು ತೀರ್ಮಾನ ಮಾಡಿದ್ದಾನೆ. ಸಂಬಳ ಕಡಿಮೆ. ಮನೆಯಲ್ಲಿ ಹೇಗೆ ಹೇಳುವುದು ಅಂತ ಯೋಚನೆಯಲ್ಲಿದ್ದನಂತೆ.

ನನಗೆ ವಿವರಿಸಿ ಹೇಳುವ ಅಗತ್ಯವೇ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ನಮ್ಮ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ರಾತ್ರೋರಾತ್ರಿ ಕುಸಿದು ಬಿದ್ದಿತ್ತು. ಒಂದು ಲಾರಿ ನದಿಗೆ ಬಿತ್ತು, ಪುಣ್ಯಕ್ಕೆ ಡ್ರೈವರ್ ಬದುಕಿದರು. ಹಗಲು ಹೊತ್ತಿನಲ್ಲಿ ಬಸ್ಸು, ಶಾಲೆ ಮಕ್ಕಳ ವ್ಯಾನು ಹೋಗುತ್ತಿದ್ದ ರಸ್ತೆ ಅದು. ಗೋವಾಕ್ಕೆ ಹೋಗುವಾಗೆಲ್ಲ ನಾವು ಅದರ ಮೇಲೇ ಹೋಗುತ್ತಿದ್ದೆವು. "ಆ ಕೆಲಸಕ್ಕೆ ಸೇರು ಮಗಾ, ಮೊದಲು ನಮ್ಮ ಕಡೆಯ ಸೇತುವೆ ನೋಡು" ಅಂದೆ. ಇವರು ಏನೂ ಹೇಳಲಿಲ್ಲ, ಅವನ ಹೆಗಲ ಮೇಲೆ ಕೈಯಿಟ್ಟರು. ಕ್ಯಾಮೆರಾ ಆಗ ಆಫ್ ಇತ್ತು, ಹಾಗಾಗಿ ಈ ಭಾಗದಲ್ಲಿ ಮರಗಳನ್ನಷ್ಟೇ ತೋರಿಸುತ್ತಿದ್ದೇನೆ.

ಆ ಸಂಜೆ ಜಿನೋವಾದಲ್ಲಿ ಪೆಸ್ಟೊ ತಿಂದೆವು. ತುಳಸಿಯ ಜಾತಿಯ ಬೆಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಚೀಸ್, ಆಲಿವ್ ಎಣ್ಣೆ ಸೇರಿಸಿ ಅಮೃತಶಿಲೆಯ ಒರಳಿನಲ್ಲಿ ಅರೆಯುತ್ತಾರೆ. ಪಾಸ್ತಾದ ಜೊತೆ ಆಲೂಗಡ್ಡೆ, ಹುರುಳಿಕಾಯಿಯನ್ನೂ ಬೇಯಿಸಿ ಕಲಸುತ್ತಾರೆ. ತುಂಬಾ ರುಚಿ. ಹಳೆಯ ಊರಿನ ಗಲ್ಲಿಗಳಿಗೆ ಮಾತ್ರ ಕಾರು ತಗೊಂಡು ಹೋಗಬೇಡಿ. ಝಡ್‌ಟಿಎಲ್ ಅಂತ ಕೆಂಪು ವೃತ್ತದ ಬೋರ್ಡ್ ಇದ್ದರೆ ಹೊರಗಿನ ಗಾಡಿಗೆ ಪ್ರವೇಶವಿಲ್ಲ, ಕ್ಯಾಮೆರಾ ಇರುತ್ತದೆ.

ಕೊನೆಗೆ ಲಾ ಸ್ಪೆತ್ಸಿಯಾದಲ್ಲಿ ಕಾರು ನಿಲ್ಲಿಸಿ ರೈಲು ಹತ್ತಿದೆವು, ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೆ. 1997ರಿಂದ ಇದು ಯುನೆಸ್ಕೊ ಪಟ್ಟಿಯಲ್ಲಿದೆ. ಎಲ್ಲರೂ ಬಣ್ಣದ ಮನೆಗಳ ಫೋಟೋ ತೆಗೆಯುತ್ತಾರೆ. ನೀವು ಮನೆಗಳ ಮೇಲಿನ ಗುಡ್ಡ ನೋಡಿ. ನಮ್ಮ ಕಡೆಯ ಕಲ್ಲಿನ ಪಾಗಾರದ ಹಾಗೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು. ಅವುಗಳ ಮೇಲೆ ದ್ರಾಕ್ಷಿ ತೋಟ. ದುಡಿಯುವವರಿಲ್ಲದೆ ತೋಟ ಪಾಳುಬಿದ್ದರೆ ಗೋಡೆ ಜರಿಯುತ್ತದೆ, ಮಳೆಗೆ ಮಣ್ಣು ಇಳಿಯುತ್ತದೆ. 2011ರ ಅಕ್ಟೋಬರ್ 25ರ ಮಳೆಯಲ್ಲಿ ವೆರ್ನಾತ್ಸಾ, ಮೊಂತೆರೊಸ್ಸೊ ಎರಡೂ ಹಳ್ಳಿಗಳಿಗೆ ಕೆಸರು ನುಗ್ಗಿತ್ತು. ಕೊರ್ನಿಲಿಯಾದ ಉದ್ದನೆಯ ಮೆಟ್ಟಿಲು ಹತ್ತುವಾಗ ಮಗ ಒಂದೊಂದು ಗೋಡೆಯನ್ನೂ ಮುಟ್ಟಿ ನೋಡುತ್ತಾ ಬಂದ. ಇದನ್ನೂ ತಪಾಸಣೆ ಮಾಡು ಅಂತ ಅವನ ಅಕ್ಕ ರೇಗಿಸುತ್ತಿದ್ದಳು.

ವೀಸಾದ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಎರಡೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಂದ ತೆಗೆದುಕೊಳ್ಳಬೇಕು, ನಮಗೆ ಅದು ಫ್ರಾನ್ಸ್. ಮೇ ತಿಂಗಳು ಆರಿಸಿಕೊಳ್ಳಿ, ಜುಲೈ, ಆಗಸ್ಟ್‌ನಲ್ಲಿ ಈ ರಸ್ತೆಗಳಲ್ಲಿ ಗಾಡಿಗಳು ಅಲುಗಾಡುವುದಿಲ್ಲ. ಮಕ್ಕಳು ಈಗಾಗಲೇ ಮುಂದಿನ ದಾರಿಗೆ ಜಗಳ ಶುರು ಮಾಡಿದ್ದಾರೆ. ಮಗಳಿಗೆ ಸ್ಪೇನಿನ ದಂಡೆ ಬೇಕು, ಮಗನಿಗೆ ದಕ್ಷಿಣ ಇಟಲಿ. ಇವರು ರೋಮನ್ನರು ಇದ್ದ ಕಡೆ ಎಲ್ಲಾದರೂ ಸರಿ ಅಂದಿದ್ದಾರೆ. ನನ್ನ ಓಟು ಇನ್ನೂ ಬಾಕಿ ಇದೆ. ನೀವು ಹೋಗಿಬಂದಿದ್ದರೆ ಯಾವ ರಸ್ತೆ ಕಡಲಿಗೆ ಹತ್ತಿರ ಅಂತ ತಿಳಿಸಿ.