ಮೂಡಲ ಬಾಗಿಲಿನ ಸಂಪಾದಕರು

ಕೇಳುಗರಿಗೆ ನಮಸ್ಕಾರ.

ಮುಳಬಾಗಿಲು ಅಂದ ಕೂಡಲೇ ಈಗಿನವರಿಗೆ ನೆನಪಾಗುವುದು ದೋಸೆ. ತಿರುಪತಿಗೆ ಹೊರಟವರು ದಾರಿಯಲ್ಲಿ ಇಳಿದು, ದೋಸೆ ತಿಂದು, ಆಂಜನೇಯನಿಗೆ ಕೈಮುಗಿದು ಮುಂದಕ್ಕೆ ಹೋಗುತ್ತಾರೆ. ತಪ್ಪೇನಿಲ್ಲ, ದೋಸೆ ಚೆನ್ನಾಗಿಯೇ ಇರುತ್ತದೆ. ಅದೇ ಊರಿನ ಡಿ.ವಿ. ಗುಂಡಪ್ಪ, ನಮ್ಮ ಡಿ.ವಿ.ಜಿ. ಅಂದರೆ ನಮಗೆ ಪದ್ಯ ನೆನಪಾಗುತ್ತದೆ. ಅವರ ನಾಲ್ಕು ಸಾಲನ್ನು ಲಗ್ನಪತ್ರಿಕೆಯ ಮೇಲೂ ಅಚ್ಚು ಹಾಕಿಸುತ್ತೇವೆ. ಆದರೆ ಗುಂಡಪ್ಪನವರ ಅನ್ನದ ಕಸುಬು ಪದ್ಯವಾಗಿರಲಿಲ್ಲ, ಪತ್ರಿಕೆಯಾಗಿತ್ತು. ಪತ್ರಿಕೆ ನಡೆಸಿದವರು ಶಾಸನ ಸಭೆಗೆ ಹೋಗಿ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕೋಲಾರ ಸೀಮೆಯಲ್ಲಿ ಅವರಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಕಂಡಿಲ್ಲ.

ಹುಟ್ಟಿದ್ದು 1887ರ ಮಾರ್ಚ್ 17. ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಊರಲ್ಲಿ ಸ್ವಲ್ಪ ಕಾಲ ಮೇಷ್ಟರ ಕೆಲಸ, ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯ ಕೆಲಸ, ಬೆಂಗಳೂರಿಗೆ ಹೋದ ಮೇಲೆ ಜಟಕಾ ಬಂಡಿಗೆ ಬಣ್ಣ ಹೊಡೆಯುವ ಕಡೆ ಸೇರಿದ್ದರೆಂದೂ ಹೇಳುತ್ತಾರೆ. ಇಷ್ಟೆಲ್ಲ ಆದ ಮೇಲೆ ಕೈಗೆ ಸಿಕ್ಕಿದ್ದು ಪತ್ರಿಕೆಯ ಕೆಲಸ. ಇಪ್ಪತ್ತರ ಹುಡುಗ. ಸರಿಯಾಗಿ ಅದೇ ಹೊತ್ತಿಗೆ, 1908ರಲ್ಲಿ, ದಿವಾನ್ ಮಾಧವರಾಯರ ಸರ್ಕಾರ ಪತ್ರಿಕಾ ಕಾಯಿದೆ ತಂದಿತು. ಪತ್ರಿಕೆ ಹೊರಡಿಸಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಮೈಸೂರಿನಲ್ಲಿ ತಾತಯ್ಯ ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಹೀಗೆ ಗುಂಡಪ್ಪನವರು ಕಸುಬಿಗೆ ಇಳಿದಾಗ ಬಾಗಿಲು ಅರ್ಧ ಮುಚ್ಚಿಯೇ ಇತ್ತು.

1913ರಲ್ಲಿ ಅವರೇ ಒಂದು ಇಂಗ್ಲಿಷ್ ಪತ್ರಿಕೆ ಹೊರಡಿಸಿದರು, ವಾರಕ್ಕೆ ಎರಡು ಸಲ. ಹೆಸರು 'ಕರ್ನಾಟಕ'. ಹೆಸರನ್ನು ಗಮನಿಸಿ, ನಮ್ಮ ರಾಜ್ಯ ಆ ಹೆಸರು ಇಟ್ಟುಕೊಳ್ಳುವುದಕ್ಕೆ ಇನ್ನೂ ಅರವತ್ತು ವರ್ಷ ಬಾಕಿ ಇತ್ತು. ಆಗ ವಿಶ್ವೇಶ್ವರಯ್ಯನವರು ದಿವಾನರು. ಅವರಿಗೂ ಗುಂಡಪ್ಪನವರಿಗೂ ಬೆಳೆದ ಸ್ನೇಹ ಕೊನೆಯವರೆಗೆ ಉಳಿಯಿತು. ಅದಕ್ಕೇ ನನಗೆ ಈ ಭಾಗ ರುಚಿಸುತ್ತದೆ. ಅಧಿಕಾರದಲ್ಲಿರುವವರು ಸ್ನೇಹಿತರಾದರೆ ಸಂಪಾದಕನ ಲೇಖನಿಗೆ ತುಕ್ಕು ಹಿಡಿಯುವುದು ಲೋಕರೂಢಿ. ಗುಂಡಪ್ಪನವರ ವಿಷಯದಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ಸರ್ಕಾರಕ್ಕೆ ಮಾಡಿಕೊಟ್ಟ ಕೆಲಸಕ್ಕೆಂದು ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸಲಿಲ್ಲವಂತೆ, ಪೆಟ್ಟಿಗೆಯಲ್ಲಿ ಹಾಗೇ ಇದ್ದುವಂತೆ. ಮನೆಯಲ್ಲಿ ಹಣ ತುಂಬಿ ತುಳುಕುತ್ತಿದ್ದವರ ಕಥೆಯಲ್ಲ ಇದು. ಮನೆಯವರ ಪಾಡೇನು ಅಂತ ಕೇಳುವ ಮನಸ್ಸೂ ನನಗಾಗುತ್ತದೆ.

ಇನ್ನು ಸಭೆಯ ವಿಷಯ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. 1907ರಲ್ಲಿ ನ್ಯಾಯವಿಧಾಯಕ ಸಭೆ, ಅಂದರೆ ಶಾಸನ ಸಭೆ, ಬಂತು. 1923ರ ಸುಧಾರಣೆಯಲ್ಲಿ ಆ ಎರಡನೆಯದಕ್ಕೆ ಸದಸ್ಯರ ಸಂಖ್ಯೆ 50 ಆಯಿತು, ಆಯವ್ಯಯದ ಹಲವು ಬಾಬುಗಳ ಮೇಲೆ ಮತ ಹಾಕುವ ಅಧಿಕಾರವೂ ಸಿಕ್ಕಿತು. ಅದಾಗಿ ಕೆಲವು ವರ್ಷಕ್ಕೆ ಗುಂಡಪ್ಪನವರು ಅಲ್ಲಿ ಸದಸ್ಯರಾದರು. 1940ರ ತನಕ ಇದ್ದರು. ಬಾಬು ಬಾಬಿನ ಲೆಕ್ಕ ಓದುವುದು, ಹಳೆಯ ಕಡತ ಕೆದಕುವುದು, ಮಂತ್ರಿ ಹೇಳಿದ್ದನ್ನು ಹೋದ ವರ್ಷ ಹೇಳಿದ್ದರ ಪಕ್ಕದಲ್ಲಿಟ್ಟು ನೋಡುವುದು, ಇದೆಲ್ಲ ಪತ್ರಿಕೆಯವನ ಚಾಳಿ. ಸಭೆಗೆ ಬೇಕಾದದ್ದೂ ಅದೇ. ಸಂಸ್ಥಾನದ ಪ್ರಜೆಗಳಿಗೆ ನಾಳಿನ ಭಾರತದಲ್ಲಿ ಎಂಥ ಸ್ಥಾನ ಅನ್ನುವ ಪ್ರಶ್ನೆಯನ್ನು ಅವರು ಬರೆದೂ ಬರೆದೂ ಬಿಡದೆ ಹಿಡಿದಿದ್ದರು. ರಾಜರ ಹಕ್ಕಿನ ಬಗ್ಗೆ ಮಾತಾಡುವವರು ಬಹಳ ಜನ ಇದ್ದರು, ಪ್ರಜೆಯ ಹಕ್ಕಿನ ಬಗ್ಗೆ ಕಡಿಮೆ.

ಈಗ ಸ್ವಲ್ಪ ದೂರ ಹೋಗಿ ಬರೋಣ. ಇಟಲಿಯಲ್ಲಿ ಸಿಲ್ವಿಯೊ ಬೆರ್ಲುಸ್ಕೋನಿ ಅಂತ ಒಬ್ಬರಿದ್ದರು, 2023ರಲ್ಲಿ ತೀರಿಕೊಂಡರು. ಮನೆ ಕಟ್ಟಿಸಿ ಮಾರುತ್ತಿದ್ದ ಮನುಷ್ಯ, ಮೂರು ಟಿ.ವಿ. ವಾಹಿನಿಗಳ ಒಡೆಯ. 1994ರ ಜನವರಿಯಲ್ಲಿ ಒಂದು ಭಾಷಣವನ್ನು ಟೇಪ್ ಮಾಡಿ ಟಿ.ವಿ.ಗಳಿಗೆ ಕಳಿಸಿ ರಾಜಕೀಯಕ್ಕೆ ಇಳಿದರು, ಮಾರ್ಚಿನಲ್ಲಿ ಚುನಾವಣೆ ಗೆದ್ದರು. ಮೂರು ಸಲ ಪ್ರಧಾನಿ. ಅವರ ಬಂಡವಾಳ ನೋಡುಗರು. ಗುಂಡಪ್ಪನವರ ಕೈಯಲ್ಲಿದ್ದದ್ದು ಓದುಗರು, ಅದೂ ಇಂಗ್ಲಿಷ್ ಬಲ್ಲ ಬೆರಳೆಣಿಕೆಯ ಓದುಗರು. ಅವರಿಗೊಂದು ಪಕ್ಷವೂ ಇರಲಿಲ್ಲ; ಯಾವ ಬಾವುಟವನ್ನೂ ಅವರು ಹೊತ್ತವರಲ್ಲ.

ಇದನ್ನು ಹೊಗಳಿಕೆಯಾಗಿ ಹೇಳುವುದು ಸುಲಭ, ನಾನು ಪೂರ್ತಿ ಹಾಗೆ ಹೇಳಲಾರೆ. 1938ರ ಏಪ್ರಿಲ್ ನೆನಪಿಸಿಕೊಳ್ಳಿ. ತಿಂಗಳ ಎರಡನೆಯ ವಾರದಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ, ನಿಷೇಧ ಮೀರಿ ಕಾಂಗ್ರೆಸ್ಸಿನ ಬಾವುಟ ಹಾರಿಸಿದ್ದು. ಏಪ್ರಿಲ್ 25ಕ್ಕೆ ನಮ್ಮದೇ ಅಂದಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಪೊಲೀಸರ ಗುಂಡು. ಸಭೆಯಲ್ಲಿ ಗುಂಡಪ್ಪನವರು ಕೂತಿದ್ದ ಕಾಲವೇ ಅದು. ರಾಜಕೀಯ ಆ ಹೊತ್ತಿಗೆ ಸಭಾಂಗಣ ಬಿಟ್ಟು ಜಾತ್ರೆಯ ಬಯಲಿಗೆ ಬಂದಾಗಿತ್ತು. ಅಲ್ಲಿ ಲೇಖನಕ್ಕಿಂತ ಬಾವುಟ ಹೆಚ್ಚು ಮಾತಾಡುತ್ತಿತ್ತು. ಅದರ ಜತೆ ನಡೆದವರು ಇದೇ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಒಂದೇ ಜಿಲ್ಲೆಯ ಇಬ್ಬರು; ಒಬ್ಬರಿಗೆ ಕುರ್ಚಿ, ಇನ್ನೊಬ್ಬರಿಗೆ ಕಟ್ಟೆ. ಜನ ಸೇರುವ ಜಾಗಕ್ಕೆ ಗುಂಡಪ್ಪನವರು ಹೋಗಲಿಲ್ಲವೋ, ಹೋಗಲು ಮನಸ್ಸಾಗಲಿಲ್ಲವೋ, ಅಂತೂ ಮತಪೆಟ್ಟಿಗೆಯ ಕಾಲ ಬಂದಾಗ ಅವರು ಅದರ ಹೊರಗೇ ಉಳಿದರು.

ಕಟ್ಟೆ ಅಂದೆನಲ್ಲ, 1945ರಲ್ಲಿ ಬಸವನಗುಡಿಯ ಕಡೆ ಅವರು ಶುರುಮಾಡಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಚುನಾವಣೆಗೆ ನಿಲ್ಲುವವರಲ್ಲ, ಮತ ಹಾಕುವವರು ಓದಿಕೊಳ್ಳಲಿ ಎಂಬ ಉದ್ದೇಶ. ಅಲ್ಲಿ ಅವರು ಕೂತು ಪಾಠ ಹೇಳುತ್ತಿದ್ದರು, ರಾಜ್ಯಶಾಸ್ತ್ರವನ್ನೂ ಗೀತೆಯನ್ನೂ. 1970ರಲ್ಲಿ ಸಾರ್ವಜನಿಕರು ಸನ್ಮಾನ ಮಾಡಿ ಹಮ್ಮಿಣಿ ಅರ್ಪಿಸಿದಾಗ ಅದನ್ನು ಪೂರ್ತಿಯಾಗಿ ಆ ಸಂಸ್ಥೆಗೇ ಕೊಟ್ಟರು. 1974ರಲ್ಲಿ ಪದ್ಮಭೂಷಣ ಬಂತು, ಮರುವರ್ಷ ಅಕ್ಟೋಬರ್ 7ಕ್ಕೆ ಹೊರಟುಹೋದರು.

ಬುಲ್ ಟೆಂಪಲ್ ರಸ್ತೆಯಲ್ಲಿ ಹೋಗುವಾಗ ಆ ಕಟ್ಟಡ ಸಿಗುತ್ತದೆ. ಮುಳಬಾಗಿಲಿನಿಂದ ಬೆಂಗಳೂರಿಗೆ ಬಂದವರು ಅಲ್ಲೂ ಒಂದು ಗಳಿಗೆ ಇಳಿಯಬಹುದು. ದೋಸೆ ಸಿಗುವುದಿಲ್ಲ, ಪುಸ್ತಕ ಸಿಗುತ್ತದೆ.

ನಮಸ್ಕಾರ.